ಸಾಕ್ಷಿಯ ಸಾಲಿನಲ್ಲಿ ಸಹಿ ಹಾಕಿದವಳ ಮನೆ

ಕೌಟುಂಬಿಕ ನ್ಯಾಯಾಲಯದ ಹೊರಗಿನ ಬೆಂಚಿನ ಮೇಲೆ ಕೂತು ಆಕೆ ಪ್ಲಾಸ್ಟಿಕ್ ಕವರಿನಿಂದ ಒಂದೊಂದೇ ಕಾಗದ ತೆಗೆದು ನನ್ನ ಕೈಗೆ ಕೊಡುತ್ತಿದ್ದರು. ಸಿಮೆಂಟ್ ಅಂಗಡಿಯ ಬಿಲ್ಲು, ಕಬ್ಬಿಣದ ಬಿಲ್ಲು, ಟೈಲ್ಸಿನ ಬಿಲ್ಲು. ಎಲ್ಲದರ ಮೇಲೂ ಗಂಡನ ಹೆಸರು. ಸಹಕಾರ ಸಂಘದಲ್ಲಿ ಬಳೆ, ಎರಡೆಳೆ ಸರ ಅಡವಿಟ್ಟ ಚೀಟಿ ಮಾತ್ರ ಅವರ ಹೆಸರಿನಲ್ಲಿತ್ತು. ಕೊನೆಗೆ ನಿವೇಶನದ ಕ್ರಯಪತ್ರದ ನಕಲು ಕೊಟ್ಟರು. ಮೂವತ್ತು-ನಲವತ್ತರ ಸೈಟು. ಖರೀದಿದಾರರ ಜಾಗದಲ್ಲಿ ಗಂಡನೊಬ್ಬನ ಹೆಸರು. ಹಾಳೆ ತಿರುವುತ್ತಾ ಕೊನೆಯ ಪುಟಕ್ಕೆ ಬಂದಾಗ ಆಕೆಯ ಸಹಿ ಕಂಡಿತು. ದುಂಡಗಿನ ಕನ್ನಡ ಅಕ್ಷರ, ಸಾಕ್ಷಿದಾರರು ಎಂದಿದ್ದ ಕಡೆ, ಎರಡನೆಯ ಸಾಲಿನಲ್ಲಿ.

'ಗೋಡೆ ಎದ್ದಮೇಲೆ ದಿನಾ ಬೆಳಿಗ್ಗೆ ಸಂಜೆ ನೀರು ಹೊಡೆದಿದ್ದು ನಾನು ಮೇಡಂ. ಮಗು ಸೊಂಟದ ಮೇಲೆ, ಪೈಪು ಕೈಯಲ್ಲಿ. ಅದಕ್ಕೆ ರಸೀದಿ ಎಲ್ಲಿಂದ ತರಲಿ?'

ವಕೀಲಿಕೆಯಲ್ಲಿ ಇಷ್ಟು ವರ್ಷ ಕಳೆದ ನನಗೆ ಆ ಪ್ರಶ್ನೆಗೆ ಉತ್ತರ ಹೇಳಲಾಗಲಿಲ್ಲ. ಅಡವಿನ ಚೀಟಿಯನ್ನಾದರೂ ಜೋಪಾನವಾಗಿಡಿ ಎಂದು ಹೇಳಿ ಕಳಿಸಿದೆ.

ಊರೆಲ್ಲ ಹೇಳುವ ಮಾತು ಎರಡು. ದುಡ್ಡು ಹಾಕಿದವನದೇ ಮನೆ, ಪತ್ರದಲ್ಲಿ ಹೆಸರಿದ್ದವನದೇ ಮನೆ ಎನ್ನುವುದು ಒಂದು. ಈಗಿನ ಕಾಲದಲ್ಲಿ ಡೈವೋರ್ಸ್ ಅಂದರೆ ಹೆಂಡತಿ ಅರ್ಧ ಆಸ್ತಿ ಬಾಚಿಕೊಂಡು ಹೋಗುತ್ತಾಳೆ ಎನ್ನುವುದು ಇನ್ನೊಂದು. ಒಂದೇ ಬಾಯಿ ಒಂದೇ ಉಸಿರಿನಲ್ಲಿ ಎರಡನ್ನೂ ಹೇಳುತ್ತದೆ. ಮದುವೆ ಮನೆಯ ಪಂಕ್ತಿಯಲ್ಲಿ, ಬಸ್ಸಿನಲ್ಲಿ, ಓದಿಕೊಂಡ ಗಂಡಸರ ವಾಟ್ಸಾಪ್ ಗುಂಪುಗಳಲ್ಲಿ ಇದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಎರಡನೆಯದು ಶುದ್ಧ ಸುಳ್ಳು. ಮೊದಲನೆಯದು ಇವತ್ತಿನ ಕಾನೂನು, ಮತ್ತು ಅನ್ಯಾಯ.

ಸುಳ್ಳನ್ನು ಮೊದಲು ಮುಗಿಸುತ್ತೇನೆ. ವಿಚ್ಛೇದನವಾದರೆ ಗಂಡನ ಆಸ್ತಿಯಲ್ಲಿ ಹೆಂಡತಿಗೆ ಅರ್ಧ ಎಂದು ಹೇಳುವ ಕಾನೂನು ಕರ್ನಾಟಕದಲ್ಲಿ ಇಲ್ಲ. ಅರ್ಧ ಹೋಗಲಿ, ಕಾಲು ಪಾಲೂ ಇಲ್ಲ. 1955ರ ಹಿಂದೂ ವಿವಾಹ ಕಾಯಿದೆಯಲ್ಲಿ ದಂಪತಿಯ ಆಸ್ತಿ ಹಂಚುವ ಮಾತು ಬರುವುದು 27ನೇ ಸೆಕ್ಷನ್ನಿನಲ್ಲಿ. ಅದು ಹೇಳುವುದು ಮದುವೆಯ ಹೊತ್ತಿನಲ್ಲಿ ಅಥವಾ ಅದರ ಆಸುಪಾಸಿನಲ್ಲಿ ಉಡುಗೊರೆಯಾಗಿ ಬಂದು ಇಬ್ಬರಿಗೂ ಸೇರಿದ ಆಸ್ತಿಯ ಬಗ್ಗೆ. ಬೀರು, ಮಂಚ, ಬೆಳ್ಳಿ ತಟ್ಟೆ, ಕುಕ್ಕರು. ಹದಿನೈದು ವರ್ಷ ಕೂಡಿ ಬಾಳಿ ಕಟ್ಟಿದ ಮನೆಯ ಬಗ್ಗೆ ಅದು ಬಾಯಿ ಬಿಡುವುದಿಲ್ಲ. ಗಂಡ ತೀರಿಕೊಂಡರೆ ಹೆಂಡತಿ ಮೊದಲ ವರ್ಗದ ವಾರಸುದಾರಳು, ಮಕ್ಕಳ ಸಮಕ್ಕೆ ಪಾಲು ಪಡೆಯುತ್ತಾಳೆ. ಅದೇ ಗಂಡ ಬದುಕಿದ್ದು ಬಿಟ್ಟುಹೋದರೆ ಅದೇ ಮನೆಯಲ್ಲಿ ಅವಳಿಗೆ ಒಂದು ಇಟ್ಟಿಗೆಯೂ ಬರುವುದಿಲ್ಲ.

ಇಬ್ಬರ ಹೆಸರಿನಲ್ಲಿ ಮನೆ ಇದ್ದರೆ ನಿಶ್ಚಿಂತೆ ಎಂದು ನಂಬಿದವರಿಗೂ ಒಂದು ಮಾತು. 1882ರ ಆಸ್ತಿ ವರ್ಗಾವಣೆ ಕಾಯಿದೆಯ 45ನೇ ಸೆಕ್ಷನ್ ಪ್ರಕಾರ, ಜಂಟಿಯಾಗಿ ಕೊಂಡವರ ಪಾಲು ಅವರವರು ಹಾಕಿದ ಹಣದ ಪ್ರಮಾಣಕ್ಕೆ ತಕ್ಕಂತೆ. ಯಾರು ಎಷ್ಟು ಹಾಕಿದರೆಂಬುದಕ್ಕೆ ಪುರಾವೆ ಇಲ್ಲದಿದ್ದರೆ ಮಾತ್ರ ಸಮಪಾಲು ಎಂದು ಭಾವಿಸಲಾಗುತ್ತದೆ. ಹಾಗಾಗಿ ಮನಸ್ಸು ಮುರಿದ ಮರುದಿನವೇ ಬ್ಯಾಂಕಿನ ಸ್ಟೇಟ್‌ಮೆಂಟುಗಳು ಹೊರಗೆ ಬರುತ್ತವೆ. ಕಂತು ನನ್ನ ಖಾತೆಯಿಂದ ಹೋಗಿದೆ, ನೋಡಿ ಎಂದು ಒಬ್ಬರು ತೋರಿಸುತ್ತಾರೆ. ಅಲ್ಲಿಂದ ಹೋಗಿರುವುದು ನಿಜ. ಆದರೆ ಆ ಖಾತೆಯಲ್ಲಿ ಕಂತಿಗೆ ಹಣ ಉಳಿದದ್ದು ಹೇಗೆಂದು ಕೇಳುವವರಿಲ್ಲ.

ಒಂದು ಸಾಧಾರಣ ಮನೆಯನ್ನು ಊಹಿಸಿಕೊಳ್ಳಿ. ಗಂಡನ ಸಂಬಳ 60,000 ರೂಪಾಯಿ, ಹೆಂಡತಿಯದು 35,000. ಮನೆ ಸಾಲದ ಕಂತು 32,000. ಸಾಲ ಗಂಡನ ಹೆಸರಿನಲ್ಲಿ ಇರುವುದರಿಂದ ಕಂತು ಅವನ ಖಾತೆಯಿಂದ. 'ಹಾಗಾದರೆ ಮನೆ ಖರ್ಚು ನೀನು ನೋಡಿಕೋ' ಎಂದು ಊಟದ ಹೊತ್ತಿಗೆ ಮಾತಾಗುತ್ತದೆ. ಅದಕ್ಕೆ ಯಾರೂ ಕರಾರು ಬರೆಸುವುದಿಲ್ಲ. ಅಕ್ಕಿ, ಬೇಳೆ, ಸಿಲಿಂಡರ್, ಕರೆಂಟ್ ಬಿಲ್ಲು, ಮಕ್ಕಳ ಶಾಲೆ ಫೀಸು, ಅತ್ತೆಯ ಬಿಪಿ ಮಾತ್ರೆ, ಗೌರಿ ಹಬ್ಬಕ್ಕೆ ನಾದಿನಿಗೆ ಸೀರೆ ಎಲ್ಲವೂ ಅವಳ ಸಂಬಳದಲ್ಲಿ. ಹದಿನೈದು ವರ್ಷ ಹೀಗೆ ನಡೆಯುತ್ತದೆ. ಅವನು ಕಟ್ಟಿದ 57 ಲಕ್ಷ 60 ಸಾವಿರ ಮನೆಯಾಗಿ ನಿಂತಿದೆ, ಬೆಲೆ ಏರಿದೆ. ಅವಳು ಕಟ್ಟಿದ್ದನ್ನು ಮನೆಮಂದಿ ಉಂಡಾಯಿತು, ಉಟ್ಟಾಯಿತು, ಓದಿಯಾಯಿತು. ಇಬ್ಬರೂ ಒಂದೇ ಸಂಸಾರದ ಎರಡು ತುದಿ ಹಿಡಿದು ಎತ್ತಿದ್ದರು. ಕಾನೂನಿನ ಕಣ್ಣಿಗೆ ಒಂದು ತುದಿ ಮಾತ್ರ ಬೀಳುತ್ತದೆ. ಅವಳು ಬೇಳೆ ತರದಿದ್ದರೆ ಅವನು 32,000 ಹೇಗೆ ಕಟ್ಟುತ್ತಿದ್ದ?

ಸಂಬಳವೇ ಇಲ್ಲದ ಹೆಣ್ಣಿನ ಲೆಕ್ಕ ಇನ್ನೂ ಸ್ಪಷ್ಟ. ಕೇಂದ್ರ ಸರ್ಕಾರ 2019ರಲ್ಲಿ ಮಾಡಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಯವರಿಗಾಗಿ ಸಂಬಳವಿಲ್ಲದೆ ಮನೆಗೆಲಸ ಮಾಡುವ ಹೆಂಗಸು ದಿನಕ್ಕೆ ಸರಾಸರಿ 299 ನಿಮಿಷ ದುಡಿಯುತ್ತಾಳೆ, ಗಂಡಸು 97 ನಿಮಿಷ. ಸುಪ್ರೀಂ ಕೋರ್ಟ್ ಈ ಅಂಕಿಗಳನ್ನು 2021ರ ಜನವರಿಯಲ್ಲಿ ಒಂದು ತೀರ್ಪಿನಲ್ಲಿ ಎತ್ತಿ ಹೇಳಿ, ಗೃಹಿಣಿಯ ದುಡಿಮೆಗೆ ಹಣದ ಬೆಲೆ ಕಟ್ಟಲೇಬೇಕು ಎಂದಿತು. ಆ ಪ್ರಕರಣ ಯಾವುದು ಗೊತ್ತೇ? ರಸ್ತೆ ಅಪಘಾತದ ಪರಿಹಾರದ್ದು. ದಂಪತಿ ಸತ್ತುಹೋಗಿದ್ದರು. ಮೋಟಾರು ವಾಹನ ಕಾಯಿದೆಗೆ 1994ರಲ್ಲಿ ಸೇರಿಸಿದ ಪಟ್ಟಿಯಲ್ಲೂ, ಸಂಪಾದನೆಯಿಲ್ಲದ ಹೆಂಡತಿ ಅಪಘಾತದಲ್ಲಿ ಸತ್ತರೆ ಅವಳ ಆದಾಯವನ್ನು ಗಂಡನ ಆದಾಯದ ಮೂರನೇ ಒಂದು ಭಾಗ ಎಂದು ಹಿಡಿಯುವ ಸೂತ್ರವಿತ್ತು. ಲಾರಿ ಹಾಯ್ದು ಸತ್ತವಳ ದುಡಿಮೆಗೆ ವಿಮಾ ಕಂಪನಿ ಹಣ ಕೊಡಬೇಕು, ಆ ಹಣವನ್ನು ಗಂಡ ಪಡೆಯಬಹುದು. ಬದುಕಿರುವ ಅದೇ ಹೆಂಗಸು ವಿಚ್ಛೇದನದ ಕಟಕಟೆಯಲ್ಲಿ ನಿಂತು ನನ್ನ ದುಡಿಮೆಗೆ ಈ ಮನೆಯಲ್ಲಿ ಪಾಲಿಲ್ಲವೇ ಎಂದರೆ, ನೀನು ಹಾಕಿದ ಹಣಕ್ಕೆ ಪುರಾವೆ ಎಲ್ಲಿ ಎಂದು ಕೇಳಲಾಗುತ್ತದೆ. ಈ ಎರಡು ನಿಲುವು ಒಂದೇ ದೇಶದ ಕಾನೂನಿನಲ್ಲಿ ಅಕ್ಕಪಕ್ಕ ಇರುವುದು ನನಗೆ ಸಹಿಸಲಾಗದ ವಿಷಯ.

ನಮ್ಮ ರಾಜ್ಯದ ಮಟ್ಟಿಗೆ ಇದು ಇನ್ನೂ ಹತ್ತಿರದ ವಿಷಯ. 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಯೋಜನೆ ಶುರುವಾಯಿತು. ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಎಂದು ಯಾರ ಹೆಸರಿದೆಯೋ ಆಕೆಗೆ ತಿಂಗಳಿಗೆ 2,000 ರೂಪಾಯಿ. ಹಳ್ಳಿ ಹಳ್ಳಿಯಲ್ಲಿ ಹೆಂಗಸರು ತಮ್ಮನ್ನು ಯಜಮಾನಿ ಎಂದು ಬರೆದ ಕಾಗದ ಹಿಡಿದು ಸಾಲಿನಲ್ಲಿ ನಿಂತರು. ನಾನು ಆ ಯೋಜನೆಯ ಪರ. ಆದರೆ ಆಹಾರ ಇಲಾಖೆ ಯಜಮಾನಿ ಎಂದು ಒಪ್ಪಿದ ಹೆಂಗಸನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯ ಕಾಗದ ಗುರುತಿಸುವುದೇ ಇಲ್ಲ. ಅನ್ನದ ಯಜಮಾನಿಗೆ ಮನೆಯ ಗೋಡೆಯಲ್ಲಿ ಪಾಲಿಲ್ಲ ಎಂದರೆ ಏನರ್ಥ?

ಈ ಮಾತಿಗೆ ಸಿಗುವ ಮೊದಲ ಉತ್ತರ, 'ಅವಳಿಗೆ ಮನೆಯಲ್ಲಿ ಇರುವ ಹಕ್ಕು ಇದೆಯಲ್ಲ' ಎಂಬುದು. ಇದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯ 17ನೇ ಸೆಕ್ಷನ್ ಅದನ್ನು ಕೊಟ್ಟಿದೆ, ಮತ್ತು ಆ ಕಾಯಿದೆಯಿಂದ ಎಷ್ಟೋ ಹೆಂಗಸರು ರಾತ್ರೋರಾತ್ರಿ ಬೀದಿಗೆ ಬೀಳುವುದು ತಪ್ಪಿದೆ. ಆದರೆ ಆ ಸೆಕ್ಷನ್ನಿನ ಮಾತನ್ನೇ ಗಮನವಿಟ್ಟು ಓದಬೇಕು. ಮನೆಯಲ್ಲಿ ಒಡೆತನ ಇರಲಿ ಇಲ್ಲದಿರಲಿ, ಇರಲು ಹಕ್ಕುಂಟು ಎನ್ನುತ್ತದೆ ಅದು. ಅಂದರೆ ಒಡೆತನದ ಪ್ರಶ್ನೆಯನ್ನು ಮುಟ್ಟುವುದೇ ಇಲ್ಲ. 19ನೇ ಸೆಕ್ಷನ್ ಪ್ರಕಾರ ಅದೇ ಮಟ್ಟದ ಬೇರೆ ವಸತಿ ಕೊಡಿಸಲು ಅಥವಾ ಅದರ ಬಾಡಿಗೆ ಕಟ್ಟಲು ಆದೇಶಿಸಲೂ ಬಹುದು. ತಾನು ನೀರು ಹೊಡೆದ ಮನೆಯಿಂದ ಎದ್ದು ಬಾಡಿಗೆ ಮನೆಗೆ ಹೋದವಳಿಗೆ ಬಾಡಿಗೆ ಬಂದರೆ ಬಂತು, ನಿಂತರೆ ಮತ್ತೆ ಕೋರ್ಟು.

ಹೆಸರು ಎಂಬುದನ್ನು ಹೇಗೆ ಅತ್ತಿತ್ತ ಸರಿಸಬಹುದು ಎಂಬುದಕ್ಕೆ ಬೆಂಗಳೂರಿನದೇ ಒಂದು ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಉತ್ತರ ಬೆಂಗಳೂರಿನ ಮನೆ. ಗಂಡನ ಹೆಸರಿನಲ್ಲಿದ್ದ ಆಸ್ತಿ ಅವನ ತಂದೆಗೆ ಮಾರಾಟವಾಯಿತು. ದಂಪತಿಯ ನಡುವೆ ವಿಚ್ಛೇದನದ ದಾವೆ ನಡೆಯುತ್ತಿದ್ದಾಗ ತಂದೆ ಅದನ್ನು ತಾಯಿಗೆ ದಾನಪತ್ರ ಮಾಡಿಕೊಟ್ಟರು. ಆಮೇಲೆ ತಾಯಿಯ ಅರ್ಜಿಯ ಮೇಲೆ, ಹಿರಿಯ ನಾಗರಿಕರ ರಕ್ಷಣೆಗೆಂದು 2007ರಲ್ಲಿ ಬಂದ ಕಾಯಿದೆಯಡಿ ಸೊಸೆಗೆ ಮನೆ ಬಿಡುವಂತೆ ಆದೇಶವಾಯಿತು. ಉಪವಿಭಾಗಾಧಿಕಾರಿ, ಜಿಲ್ಲಾಧಿಕಾರಿ, ಹೈಕೋರ್ಟ್ ಎಲ್ಲ ಕಡೆ ಆಕೆ ಸೋತರು. 2020ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟ್ ಆ ಆದೇಶ ರದ್ದು ಮಾಡಿ, ಹಿರಿಯರ ರಕ್ಷಣೆಯ ಕಾಯಿದೆಯನ್ನು ಸೊಸೆಯ ವಾಸದ ಹಕ್ಕನ್ನು ಮುರಿಯಲು ಬಳಸುವಂತಿಲ್ಲ ಎಂದಿತು. ದೊಡ್ಡ ತೀರ್ಪು, ನಾನು ಅದನ್ನು ಎಷ್ಟೋ ಸಲ ಉದ್ಧರಿಸಿದ್ದೇನೆ. ಆದರೂ ಇಷ್ಟೆಲ್ಲ ಮೆಟ್ಟಿಲು ಹತ್ತಿ ಆಕೆ ಗೆದ್ದದ್ದು ಹೊರಗೆ ಹಾಕಬೇಡಿ ಎಂಬುದನ್ನು ಮಾತ್ರ. ಒಡೆತನ ಎಲ್ಲಿತ್ತೋ ಅಲ್ಲೇ ಉಳಿಯಿತು.

ಎರಡನೆಯ ಉತ್ತರ ಜೀವನಾಂಶ. ಕೋಟಿಗಟ್ಟಲೆ ಜೀವನಾಂಶದ ಸುದ್ದಿಗಳು ಪತ್ರಿಕೆಯಲ್ಲಿ ಬರುತ್ತವೆ, ಜನರಿಗೆ ಅದೇ ನೆನಪಿನಲ್ಲಿ ಉಳಿಯುತ್ತದೆ. ಜೀವನಾಂಶವನ್ನೂ ಆಸ್ತಿಯ ಪಾಲನ್ನೂ ಒಂದೇ ಎಂದು ಬಗೆಯುವುದೇ ಮೂಲ ತಪ್ಪು. ಜೀವನಾಂಶ ಅಗತ್ಯ ನೋಡಿ ಕೊಡುವಂಥದ್ದು. ಹೆಂಡತಿಗೆ ಸಾಕಷ್ಟು ಸಂಬಳ ಇದ್ದರೆ ಅದು ಕಡಿಮೆಯಾಗುತ್ತದೆ ಅಥವಾ ಇಲ್ಲವಾಗುತ್ತದೆ. ವಿವಾಹ ಕಾಯಿದೆಯ 25ನೇ ಸೆಕ್ಷನ್ ಪ್ರಕಾರ, ಪಡೆಯುವವರು ಮರುಮದುವೆಯಾದರೆ ಕೋರ್ಟು ಅದನ್ನು ಬದಲಿಸಬಹುದು, ರದ್ದೂ ಮಾಡಬಹುದು. ಪಡೆಯುವವಳು ಹೆಂಡತಿಯಾಗಿದ್ದು ಶೀಲವಂತೆಯಾಗಿ ಉಳಿಯದಿದ್ದರೂ ಹಾಗೆ ಮಾಡಬಹುದೆಂದು ಅದೇ ಸೆಕ್ಷನ್ನಿನಲ್ಲಿ ಇವತ್ತಿಗೂ ಬರೆದಿದೆ. ತಾನು ಕಟ್ಟಿದ ಮನೆಯ ಅರ್ಧವನ್ನು ಉಳಿಸಿಕೊಳ್ಳಲು ಯಾವ ಗಂಡಸಾದರೂ ತನ್ನ ಶೀಲದ ಪುರಾವೆ ಕೊಡಬೇಕಾಗಿದೆಯೇ? ಪಾಲು ದುಡಿಮೆಗೆ ಸಲ್ಲಬೇಕಾದದ್ದು. ಅದಕ್ಕೆ ದಯೆಯ ಲೇಪ ಬೇಡ, ನಡತೆಯ ಷರತ್ತು ಬೇಡ. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, ಜೀವನಾಂಶ ಇರುವುದು ಗಂಡ ಹೆಂಡಿರ ಸಂಪತ್ತನ್ನು ಸಮ ಮಾಡಲಿಕ್ಕಲ್ಲ ಎಂದು ಹೇಳಿದಾಗ ಹಲವರು ಅದನ್ನು ಹೆಂಗಸರಿಗೆ ಬಿದ್ದ ಪೆಟ್ಟೆಂದು ಕುಣಿದರು. ಕೋರ್ಟು ಹೇಳಿದ್ದು ಸರಿಯೇ. ಅದಕ್ಕಾಗಿಯೇ ಆಸ್ತಿಗೆ ಬೇರೆ ಕಾನೂನು ಬೇಕು ಎನ್ನುತ್ತಿದ್ದೇನೆ.

ಕಾನೂನು ಇಲ್ಲದ ಕಡೆ ಏನು ನಡೆಯುತ್ತದೆ ಎಂಬುದನ್ನು ಪರಸ್ಪರ ಒಪ್ಪಿಗೆಯ ವಿಚ್ಛೇದನಗಳಲ್ಲಿ ನೋಡಬೇಕು. ಹೊರಗಿನಿಂದ ನೋಡಿದರೆ ಗಲಾಟೆ ಇಲ್ಲ, ಇಬ್ಬರೂ ಒಪ್ಪಿ ಸಹಿ ಹಾಕಿದ್ದಾರೆ. ಒಳಗೆ ನಡೆಯುವ ಚೌಕಾಸಿ ನನಗೆ ಗೊತ್ತು. 'ಮಗು ನಿನ್ನ ಹತ್ತಿರವೇ ಇರಲಿ, ಮನೆಯ ಮೇಲೆ ಹಕ್ಕು ಬಿಟ್ಟುಕೊಟ್ಟೆ ಅಂತ ಬರೆದುಕೊಡು.' ಇಬ್ಬರ ಹೆಸರಿನಲ್ಲಿ ಮನೆಯಿದ್ದರೆ ಹಕ್ಕು ಬಿಡುಗಡೆ ಪತ್ರ ಸಿದ್ಧವಾಗಿಯೇ ಬರುತ್ತದೆ. ತಾಯಿ ಒಂದು ಕ್ಷಣವೂ ಯೋಚಿಸದೆ ಸಹಿ ಹಾಕುತ್ತಾಳೆ. ಕೌಟುಂಬಿಕ ನ್ಯಾಯಾಲಯಕ್ಕೆ ದಂಪತಿಯ ಆಸ್ತಿ ವ್ಯಾಜ್ಯ ಕೇಳುವ ಅಧಿಕಾರವನ್ನು 1984ರ ಕಾಯಿದೆಯೇ ಕೊಟ್ಟಿದೆ. ಆದರೆ ಅಧಿಕಾರ ಇದ್ದರೂ ಹಂಚಲು ಸೂತ್ರವಿಲ್ಲ. ಆಸ್ತಿಗೆ ದಾವೆ ಹೂಡಿ ಎಷ್ಟು ವರ್ಷ ಕಾಯಬೇಕು, ಗೆದ್ದರೆ ಏನು ಸಿಕ್ಕೀತು ಎಂದು ಕಕ್ಷಿದಾರಳು ಕೇಳಿದರೆ ಯಾವ ವಕೀಲರೂ ಎದೆ ಮುಟ್ಟಿ ಹೇಳಲಾರರು. ಸೂತ್ರವಿದ್ದಿದ್ದರೆ ಮಗುವನ್ನೂ ಮನೆಯನ್ನೂ ತಕ್ಕಡಿಯ ಎರಡು ತಟ್ಟೆಗಳಲ್ಲಿ ಇಡುವ ಪ್ರಮೇಯ ಬರುತ್ತಿರಲಿಲ್ಲ.

ಇದು ಗಂಡಸರ ವಿರುದ್ಧದ ವಾದ ಎಂದು ಹಲವರು ಸಿಟ್ಟಾಗುತ್ತಾರೆ. ನನ್ನ ಬಳಿ ಬಂದ ಗಂಡಸರ ಕಥೆಯೂ ಇದೆ. ದುಡಿದ ಹಣವೆಲ್ಲ ಹಾಕಿ ಹೆಂಡತಿಯ ಹೆಸರಿನಲ್ಲಿ ಮನೆ ಕೊಂಡವರು, ಸಂಬಂಧ ಹಳಸಿದ ಮೇಲೆ ಬಾಗಿಲ ಹೊರಗೆ ನಿಂತವರು. ಬೇನಾಮಿ ಕಾಯಿದೆಗೆ 2016ರಲ್ಲಿ ಆದ ತಿದ್ದುಪಡಿ, ಗೊತ್ತಿರುವ ಮೂಲದ ಆದಾಯದಿಂದ ಹೆಂಡತಿ ಅಥವಾ ಗಂಡನ ಹೆಸರಿನಲ್ಲಿ ಕೊಂಡ ಆಸ್ತಿಯನ್ನು ಬೇನಾಮಿ ಎನ್ನುವುದಿಲ್ಲ. ಹಾಗಾಗಿ ಅಂಥ ಗಂಡನಿಗೆ ದಾವೆ ಹೂಡುವ ಬಾಗಿಲೇನೋ ತೆರೆದಿದೆ, ಆದರೆ ಹಣ ತನ್ನದೆಂದೂ, ಅದನ್ನು ಹೆಂಡತಿಗೆ ಉಡುಗೊರೆಯಾಗಿ ಕೊಡಲಿಲ್ಲವೆಂದೂ ಸಾಬೀತು ಮಾಡುವ ಹೊಣೆ ಅವನದೇ. ಅವನಿಗೂ ಪತ್ರದ ಹೆಸರೇ ಶತ್ರು. ಮದುವೆಯ ಅವಧಿಯಲ್ಲಿ ಕೊಂಡ ವಾಸದ ಮನೆ ಯಾರ ಹೆಸರಿನಲ್ಲಿದ್ದರೂ ಇಬ್ಬರಿಗೂ ಅರ್ಧರ್ಧ ಎಂಬ ಒಂದು ನಿಯಮ ಇದ್ದರೆ ಅವನೂ ಬಾಗಿಲ ಹೊರಗೆ ನಿಲ್ಲಬೇಕಾಗಿಲ್ಲ.

ನಾನು ಏನನ್ನು ಕೇಳುತ್ತಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಪಿತ್ರಾರ್ಜಿತ ಜಮೀನು ಕೇಳುತ್ತಿಲ್ಲ. ಮಾವ ತಮ್ಮ ಪಿಂಚಣಿಯಲ್ಲಿ ಕಟ್ಟಿಸಿದ ಮನೆ ಕೇಳುತ್ತಿಲ್ಲ. ಮದುವೆಗೆ ಮೊದಲು ಕೊಂಡಿದ್ದನ್ನು, ತವರಿನಿಂದ ಬಂದದ್ದನ್ನು ಹಂಚಿ ಎನ್ನುತ್ತಿಲ್ಲ. ಆರು ತಿಂಗಳಲ್ಲಿ ಮುರಿದ ಮದುವೆಗೂ ಇಪ್ಪತ್ತು ವರ್ಷದ ಸಂಸಾರಕ್ಕೂ ಒಂದೇ ಅಳತೆ ಇರಬೇಕೆಂದೂ ಹೇಳುವುದಿಲ್ಲ, ಆ ವಿವೇಚನೆ ನ್ಯಾಯಾಧೀಶರಿಗೆ ಇರಲಿ. ಕೂಡಿ ಬಾಳುವಾಗ ಕೂಡಿ ಮಾಡಿದ ಮನೆ, ಅಷ್ಟೇ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದು ಎರಡರ ಭಾರವೂ ಒಂದೇ ಎಂದು ಗೊತ್ತಿದ್ದರಿಂದ.

ಇಂಥ ನಿಯಮ ಬಂದರೆ ಮದುವೆಯೇ ವ್ಯಾಪಾರವಾಗುತ್ತದೆ, ಹಣಕ್ಕಾಗಿ ಮದುವೆಯಾಗಿ ಬಿಟ್ಟುಹೋಗುತ್ತಾರೆ ಎಂದು ಹೆದರಿಸುವವರು ಕಾರವಾರದವರೆಗೆ ಹೋಗಿ ಮಾಜಾಳಿ ದಾಟಿ ನೋಡಲಿ. ಗೋವಾದಲ್ಲಿ 1867ರ ಪೋರ್ಚುಗೀಸ್ ನಾಗರಿಕ ಸಂಹಿತೆಯ ಕೌಟುಂಬಿಕ ಕಾನೂನು ಇನ್ನೂ ಜಾರಿಯಲ್ಲಿದೆ. ಮದುವೆಗೆ ಮೊದಲು ಬೇರೆ ಕರಾರು ಮಾಡಿಕೊಳ್ಳದಿದ್ದರೆ ಅಲ್ಲಿ ಗಂಡ ಹೆಂಡಿರ ಆಸ್ತಿ ಒಂದಾಗುತ್ತದೆ, ಬೇರೆಯಾದಾಗ ಅರ್ಧರ್ಧವಾಗುತ್ತದೆ. ಒಬ್ಬರ ಒಪ್ಪಿಗೆ ಇಲ್ಲದೆ ಇನ್ನೊಬ್ಬರು ಸ್ಥಿರಾಸ್ತಿ ಮಾರುವಂತಿಲ್ಲ. ನಾನು ಕೇಳುತ್ತಿರುವುದಕ್ಕಿಂತ ಅದು ಎಷ್ಟೋ ಪಾಲು ಹೆಚ್ಚು, ಯಾಕೆಂದರೆ ಅಲ್ಲಿ ಮದುವೆಗೆ ಮೊದಲಿನ ಆಸ್ತಿಯೂ ಸೇರುತ್ತದೆ. ಆ ನಿಯಮದಡಿ ತಲೆಮಾರುಗಳಿಂದ ಅಲ್ಲಿ ಮದುವೆಗಳು ನಡೆಯುತ್ತಿವೆ, ಮನೆಗಳೂ ನಿಂತಿವೆ. ಹೆಣ್ಣಿನ ಕೈಯಲ್ಲಿ ಮನೆ ಇರುವುದು ನಮ್ಮ ಸಂಸ್ಕೃತಿಯಲ್ಲ ಎನ್ನುವವರು ತುಳುನಾಡಿನ ಅಳಿಯಸಂತಾನವನ್ನು ನೆನೆಯಲಿ. ಅಲ್ಲಿ ಕುಟುಂಬದ ಆಸ್ತಿ ಹೆಣ್ಣಿನ ಸಾಲಿನಲ್ಲಿ ಇಳಿದು ಬಂತು, ಗಂಡನ ಜೊತೆಗಿನ ಸಂಬಂಧ ಮುರಿದ ಮಾತ್ರಕ್ಕೆ ಹೆಣ್ಣು ಸೂರು ಕಳೆದುಕೊಳ್ಳಲಿಲ್ಲ.

ದೆಹಲಿ ಈ ವಿಷಯವನ್ನು ಮುಟ್ಟಿ ಬಿಟ್ಟಿದೆ. ಗಂಡನ ಸ್ಥಿರಾಸ್ತಿಯಲ್ಲಿ ಹೆಂಡತಿಗೆ ಪಾಲು ಕೊಡುವ ಅಂಶವಿದ್ದ ವಿವಾಹ ಕಾನೂನುಗಳ ತಿದ್ದುಪಡಿ ಮಸೂದೆ 2013ರ ಆಗಸ್ಟ್‌ನಲ್ಲಿ ರಾಜ್ಯಸಭೆಯಲ್ಲಿ ಪಾಸಾಯಿತು. ಲೋಕಸಭೆಯಲ್ಲಿ ಕೊಳೆತು, 2014ರಲ್ಲಿ ಆ ಲೋಕಸಭೆಯ ಅವಧಿ ಮುಗಿದಾಗ ಬಿದ್ದುಹೋಯಿತು. 2023ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಕೃಷ್ಣನ್ ರಾಮಸ್ವಾಮಿ, ಸೌದಿಯಲ್ಲಿ ದುಡಿಯುತ್ತಿದ್ದ ಗಂಡನ ಹಣದಲ್ಲಿ ಕೊಂಡ ಆಸ್ತಿಯಲ್ಲಿ ಮನೆ ನಡೆಸಿದ ಹೆಂಡತಿಗೂ ಸಮಪಾಲು ಎಂದು ತೀರ್ಪು ಕೊಟ್ಟರು. ಓದಿ ಕಣ್ಣು ತುಂಬಿತು. ಆದರೆ ಅದು ಇನ್ನೊಂದು ರಾಜ್ಯದ ಒಬ್ಬ ನ್ಯಾಯಮೂರ್ತಿಯ ತೀರ್ಪು, ನಮ್ಮ ಕೋರ್ಟುಗಳು ಅದನ್ನು ಪಾಲಿಸಲೇಬೇಕೆಂದಿಲ್ಲ. ಒಬ್ಬ ಒಳ್ಳೆಯ ನ್ಯಾಯಮೂರ್ತಿ ಸಿಗಲಿ ಎಂದು ಹೆಂಗಸರು ಹರಕೆ ಹೊತ್ತು ಕೂರಲಾಗದು.

ಕರ್ನಾಟಕ ದೆಹಲಿಗಾಗಿ ಕಾಯಬೇಕಾಗಿಲ್ಲ. ಮದುವೆ, ವಿಚ್ಛೇದನ, ಉತ್ತರಾಧಿಕಾರ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿವೆ. ರಾಷ್ಟ್ರಪತಿಗಳ ಅಂಕಿತ ಪಡೆದು ರಾಜ್ಯವೇ ಕಾನೂನು ಮಾಡಬಹುದು, ಹಿಂದೆ ಮಾಡಿಯೂ ಇದೆ. ಬ್ರಿಟಿಷ್ ಭಾರತ ಹಿಂದೂ ಹೆಂಗಸರ ಆಸ್ತಿ ಹಕ್ಕಿನ ಕಾಯಿದೆ ತಂದದ್ದು 1937ರಲ್ಲಿ. ಮೈಸೂರು ಸಂಸ್ಥಾನ 1933ರಲ್ಲೇ ತಂದಿತ್ತು. ಒಟ್ಟು ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳ ಸಮ ಹಕ್ಕನ್ನು ಕೇಂದ್ರ 2005ರಲ್ಲಿ ಕೊಟ್ಟಿತು. ಕರ್ನಾಟಕ 1994ರ ಜುಲೈನಲ್ಲೇ ಕೊಟ್ಟಿತ್ತು. ಆಗಲೂ ಇವೇ ಮಾತುಗಳಿದ್ದವು: ಅಣ್ಣತಂಗಿಯರ ಸಂಬಂಧ ಹಾಳಾಗುತ್ತದೆ, ಕೊಟ್ಟ ಹೆಣ್ಣು ಕುಲಕ್ಕೆ ಹೊರಗು, ಅವಳಿಗೇಕೆ ಪಾಲು. ಮಗಳಿಗೆ ಸಿಕ್ಕಿತು. ಅದೇ ಮಗಳು ಮದುವೆಯಾಗಿ ಹೋಗಿ ಇನ್ನೊಂದು ಮನೆ ಕಟ್ಟಿದಾಗ ಅಲ್ಲಿ ಅವಳಿಗೆ ಏನೂ ಇಲ್ಲ. ಆ ತಿದ್ದುಪಡಿ ಬಿಟ್ಟ ಅರ್ಧ ಕೆಲಸ ಇದು, ವಿಧಾನಸಭೆ ಅದನ್ನು ಕೈಗೆತ್ತಿಕೊಳ್ಳಬೇಕು. ವಾಸದ ಮನೆಯ ಮಟ್ಟಿಗಾದರೂ ಎರಡು ಸಾಲು ಬರೆಯಿರಿ: ಮದುವೆಯ ಅವಧಿಯಲ್ಲಿ ಕೊಂಡ ಅಥವಾ ಕಟ್ಟಿದ ಮನೆಯಲ್ಲಿ ಗಂಡ ಹೆಂಡತಿ ಇಬ್ಬರಿಗೂ ಸಮಪಾಲು, ಒಬ್ಬರ ಹೆಸರಿನಲ್ಲಿದ್ದರೂ ಇನ್ನೊಬ್ಬರ ಸಹಿ ಇಲ್ಲದೆ ಮಾರಾಟ, ದಾನ, ಅಡಮಾನ ಯಾವುದನ್ನೂ ನೋಂದಾಯಿಸುವಂತಿಲ್ಲ.

ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ಯಾಮೆರಾ ಇದೆ, ಬೆರಳಚ್ಚು ಯಂತ್ರ ಇದೆ, ಸಾಕ್ಷಿ ಹಾಕಲು ಹೇಗೂ ಹೆಂಡತಿಯನ್ನು ಕರೆದುಕೊಂಡು ಹೋಗುವವರಿದ್ದಾರೆ. ಅಲ್ಲಿ ಆಕೆಯ ಫೋಟೋ ತೆಗೆಯುವಾಗ ಕೂರಿಸುವ ಕುರ್ಚಿ ಖರೀದಿದಾರರದಾಗಬೇಕು.